ನಾಗಿಯೂ ಮಾಸ್ತರರ ಕೋಳಿಮನೆಯೂ

ಬೆಳಕೆ ಊರಿನ ನಾಗಿಗೆ ಕೋಳಿಯ ವಿಷಯದಲ್ಲಿ ಬುದ್ಧಿ ಹೇಳುವವರು ಇನ್ನೂ ಹುಟ್ಟಿರಲಿಲ್ಲ. ಗಂಡ ಮೀನಿನ ಬೋಟಿಗೆ ಹೋಗುತ್ತಿದ್ದ ಕಾಲದಿಂದಲೂ ಅವಳ ಹಿತ್ತಿಲಲ್ಲಿ ಹತ್ತಿಪ್ಪತ್ತು ಊರಕೋಳಿ ತಪ್ಪಿದ್ದಿಲ್ಲ. ಊರ ದೈವ ಜಟಕನಿಗೆ ಹರಕೆ ಹೊತ್ತವರು ಕೆಂಪು ಹುಂಜ ಬೇಕಾದರೆ ಮೊದಲು ಅವಳ ಬೇಲಿಯ ಹತ್ತಿರ ಬಂದು ಕೂಗುತ್ತಿದ್ದರು. ಕೋಳಿ ಸಾಕಲು ಬಾರದವರನ್ನು ಅವಳು ಮನುಷ್ಯರ ಸಾಲಿಗೇ ಸೇರಿಸುತ್ತಿರಲಿಲ್ಲ.

ಪಕ್ಕದ ಮನೆಯ ಪಾಂಡು ಮಾಸ್ತರರು ಗಂಡನ ದೊಡ್ಡಪ್ಪನ ಮಗ, ಅವಳಿಗೆ ಭಾವ. ಶಾಲೆಯಿಂದ ನಿವೃತ್ತರಾದ ಮೇಲೆ ಬುದ್ಧಿ ಹೇಳಲು ಯಾರೂ ಸಿಗದೆ ಅವರು ಎರಡು ತಿಂಗಳು ಒದ್ದಾಡಿದರು. ಮೂರನೇ ತಿಂಗಳಲ್ಲಿ ಮೊಬೈಲಿನಲ್ಲಿ ಕೋಳಿ ಸಾಕಣೆಯ ವಿಡಿಯೋ ಕಂಡಿತು. ಮರುದಿನವೇ ನೋಟುಪುಸ್ತಕ ಹಿಡಿದು ಬೇಲಿಯ ಹತ್ತಿರ ಬಂದರು.

"ನಾಗಿ, ನಾನು ಗಿರಿರಾಜ ತಳಿ ತರ್ತೆ. ನಿನ್ನ ಊರಕೋಳಿ ವರ್ಷಕ್ಕೆ ಅರವತ್ತು ಮೊಟ್ಟೆ ಇಟ್ರೆ ಹೆಚ್ಚು. ಇದು ನೂರೈವತ್ತು ಇಡ್ತದೆ. ತೂಕವೂ ದುಪ್ಪಟ್ಟು."

"ಕಾವಿಗೆ ಕೂರ್ತದ್ಯಾ?"

"ಕೂರದೆ ಎಂತ? ಅದೂ ಕೋಳಿಯೇ ಅಲ್ವಾ?"

ನಾಗಿಗೆ ನಗು ತಡೆಯಲಿಲ್ಲ. "ಗಿಡುಗ ಬಂದ್ರೆ ಹಾರ್ತದ್ಯಾ?"

"ಹಾರೂದು ಯಾಕೆ? ಗೂಡೊಳಗೇ ಇರ್ತದೆ."

"ಹಾಗಾದ್ರೆ ಅದು ಕೋಳಿ ಅಲ್ಲ ಭಾವ, ಪೆನ್ಶನ್ ತಕಂಡ ಮಾಸ್ತರು" ಎಂದು ಅವಳು ಒಳಗೆ ಹೋದಳು.

ಗೂಡು ಎದ್ದಿತು. ಗೂಡಲ್ಲ, ಬಂಗಲೆ. ನೆಲಕ್ಕೆ ನೀಲಿ ಟೈಲ್ಸು. ಸಮುದ್ರದ ಗಾಳಿ ಬರಲೆಂದು ಪಡುವಣ ಗೋಡೆಯ ಬದಲು ಪೂರ್ತಿ ಬಲೆ. ಕೋಳಿ ಕೂರಲು ತಗಡಿನ ಮಾಡಿನ ಕೆಳಗೆ ಆಳೆತ್ತರದಲ್ಲಿ ನುಣುಪಾದ ಕಬ್ಬಿಣದ ಪೈಪು. ಮೊಟ್ಟೆ ಇಡುವ ಪೆಟ್ಟಿಗೆಗಳನ್ನು, ಬಂದವರಿಗೆಲ್ಲ ಕಾಣಲಿ ಎಂಬಂತೆ, ಬಾಗಿಲ ಎದುರಿಗೇ ಸಾಲಾಗಿ ಜೋಡಿಸಿದ್ದರು.

ನೋಡಲು ಹೋದ ನಾಗಿ ಮೂಗಿನ ಮೇಲೆ ಬೆರಳಿಟ್ಟಳು. "ಹೇಂಟೆಗೆ ಮೊಟ್ಟೆ ಇಡೂಕೆ ಕತ್ತಲೆ ಮೂಲೆ ಬೇಕು ಭಾವ. ದಾರಿ ಮೇಲೆ ಯಾರಾದ್ರೂ ಹೆರ್ತಾರಾ? ಈ ದಡಿಯ ಕೋಳಿ ಅಷ್ಟು ಎತ್ತರ ಹತ್ತೂದು ಹೇಗೆ? ಏಣಿ ಇಡ್ತ್ರ್ಯಾ?"

"ಇದು ವೈಜ್ಞಾನಿಕ. ನಿಂಗೆ ಹೇಳಿದ್ರೆ ತಿಳಿಯೂದಿಲ್ಲ" ಎಂದರು ಮಾಸ್ತರರು.

"ಆತು. ನಂಗೆ ತಿಳಿಯೂದು ಬೇಡ. ಕೋಳಿಗೆ ತಿಳಿದ್ರೆ ಸಾಕು."

ಕೋಳಿಗಳಿಗೂ ತಿಳಿಯಲಿಲ್ಲ. ಮೂವತ್ತು ಗಿರಿರಾಜ ಬೆಳೆದು ಕುಂಬಳಕಾಯಿಯಂತಾದವು. ಹೇಗೋ ಒದ್ದಾಡಿ ಪೈಪು ಹತ್ತಿದ ನಾಲ್ಕು, ಬೆಳಿಗ್ಗೆ ಟೈಲ್ಸಿನ ಮೇಲೆ ಧೊಪ್ಪನೆ ಹಾರಿ ಕುಂಟಿದವು. ಉಳಿದವು ನೆಲದ ಮೇಲೆ ಹಿಕ್ಕೆಯಲ್ಲೇ ಮಲಗಿದವು. ಪೆಟ್ಟಿಗೆಯತ್ತ ಒಂದೂ ಸುಳಿಯದೆ ಕಂಡಕಂಡಲ್ಲಿ ಮೊಟ್ಟೆ ಇಟ್ಟು, ಒಡೆದದ್ದನ್ನು ತಾವೇ ಕುಕ್ಕಿ ತಿನ್ನಲು ಕಲಿತವು. ಕಾವಿಗೆ ಕೂರುವ ಹೇಂಟೆಗಾಗಿ ಮಾಸ್ತರರು ದಿನವೂ ಇಣುಕುತ್ತಿದ್ದರು, ಒಂದೂ ಕೂರಲಿಲ್ಲ. ನಾಗಿ ಬೇಲಿಯ ಈಚೆ ಪಾತ್ರೆ ತೊಳೆಯುತ್ತ, ಅವರಿಗೆ ಕೇಳುವಷ್ಟು ಗಟ್ಟಿಯಾಗಿ ನಗುತ್ತಿದ್ದಳು.

ಮಳೆಗಾಲ ಹಿಡಿಯಿತು. ಪಡುವಣದಿಂದ ಇರಚಲು ಬಲೆಯೊಳಗೆ ನುಗ್ಗಿ ಟೈಲ್ಸಿನ ಮೇಲೆ ನೀರು ನಿಂತಿತು. ನಾಲ್ಕನೇ ದಿನ ಬೆಳಿಗ್ಗೆ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಐದು ಕೋಳಿ ಸತ್ತಿದ್ದವು. ಮಾಸ್ತರರು ನೋಟುಪುಸ್ತಕವಿಲ್ಲದೆ ಬೇಲಿಯ ಹತ್ತಿರ ಬಂದರು.

"ನಾಗಿ, ಸ್ವಲ್ಪ ಬಂದು ನೋಡ್ತ್ಯಾ?"

"ಎಂತಕ್ಕೆ ಭಾವ? ಮೊಬೈಲು ಕೆಟ್ಟಿತಾ?"

ಈ ಮಾತು ಆಡಲೆಂದೇ ಅವಳು ತಿಂಗಳುಗಟ್ಟಲೆ ಕಾದಿದ್ದಳು. ಆದರೆ ಒಳಗೆ ಹೋಗಿ, ಪಾದ ಬಾತು ಒಂಟಿ ಕಾಲಲ್ಲಿ ನಿಂತಿದ್ದ ಹೇಂಟೆಯನ್ನು ಎತ್ತಿಕೊಂಡಾಗ ನಗು ಬರಲಿಲ್ಲ, ಸಿಟ್ಟು ಬಂತು. "ಹಾಳು ಪೈಪು! ಬೆಪ್ಪು ಬುದ್ಧಿ ನಿಮ್ದು, ಕಾಲು ಹೋದದ್ದು ಇದರದ್ದು!"

ಅಂದು ಮಾಸ್ತರರು ಅವಳ ಕೂಲಿಯಾಳಾದರು. ಪಡುವಣಕ್ಕೆ ಟಾರ್ಪಾಲು, ಅದರ ಮೇಲೆ ಹೆಣೆದ ತೆಂಗಿನ ಗರಿ ಕಟ್ಟಿಸಿದಳು. ಪೈಪು ಕೀಳಿಸಿ, ಮುಂಗೈ ದಪ್ಪದ ಒರಟು ಮರದ ಕೋಲುಗಳನ್ನು ಮೊಣಕಾಲೆತ್ತರಕ್ಕೆ ಹಾಕಿಸಿದಳು. ಪೆಟ್ಟಿಗೆಗಳನ್ನು ಕತ್ತಲೆ ಮೂಲೆಗೆ, ಕೋಲಿಗಿಂತ ಕೆಳಗೆ ಇಳಿಸಿ ಹುಲ್ಲು ತುಂಬಿಸಿದಳು. "ಪೆಟ್ಟಿಗೆ ಮೇಲಿದ್ರೆ ಅದ್ರಲ್ಲೇ ಮಲಗಿ ಹೇತು ಹಾಕ್ತಾವೆ" ಎಂದಳು. ಟೈಲ್ಸಿನ ಮೇಲೆ ಭತ್ತದ ಹೊಟ್ಟು ಹರಡುವ ವಿಷಯದಲ್ಲಿ ಮಾತ್ರ, ನಾಗಿ ಬೇಡವೆಂದರೂ, ಮಾಸ್ತರರು ಸೋಲಲಿಲ್ಲ. ವಿಡಿಯೋದಲ್ಲಿ ಹೇಳಿದ್ದರಂತೆ. "ಹಾಕಿ, ಕೋಳಿಗೆ ಹಾಸಿಗೆ ಹಾಸಿ. ದಿಂಬೂ ತನ್ನಿ" ಎಂದು ಅವಳು ಹೊರಟುಹೋದಳು.

ಮತ್ತೆ ಕೋಳಿ ಸಾಯಲಿಲ್ಲ. ಗಿರಿರಾಜನ ಒಂಬತ್ತು ಮೊಟ್ಟೆಗಳನ್ನು ನಾಗಿ ತನ್ನ ಊರಕೋಳಿಯ ಕೆಳಗಿಟ್ಟು ಏಳು ಮರಿ ಮಾಡಿಸಿಕೊಟ್ಟಳು.

ಆಗಸ್ಟಿನಲ್ಲಿ ಮಹಿಳಾ ಸಂಘದವರು ಮಾಸ್ತರರನ್ನು ಭಾಷಣಕ್ಕೆ ಕರೆದರು. "ನನ್ನ ಪ್ರಯೋಗದ ಪ್ರಕಾರ..." ಎಂದು ಶುರುಮಾಡಿ, ಒರಟು ಕೋಲು, ಕತ್ತಲೆ ಮೂಲೆ, ಇರಚಲಿನ ತಡೆ, ಎಲ್ಲವನ್ನೂ ತಾವೇ ಕಂಡುಹಿಡಿದಂತೆ ಹೇಳಿದರು. ಮುಂದಿನ ಸಾಲಿನಲ್ಲಿದ್ದ ನಾಗಿ ಎದ್ದು ನಿಂತಳು.

"ಭಾವ, ಪ್ರಯೋಗದಲ್ಲಿ ಸತ್ತದ್ದು ಎಷ್ಟು?"

ಹೆಂಗಸರು ಗೊಳ್ಳೆಂದರು. ಮಾಸ್ತರರು ಕನ್ನಡಕ ತೆಗೆದು ಒರೆಸಿದರು. "ಐದು. ಉಳಿದವನ್ನು ಉಳಿಸಿದ್ದು ನಾಗಿ. ಅವಳನ್ನೇ ಕೇಳಿ" ಎಂದು ಕುಳಿತುಬಿಟ್ಟರು.

ಜಗಳಕ್ಕೆ ಸೆರಗು ಕಟ್ಟಿ ಬಂದಿದ್ದ ನಾಗಿಗೆ ಇದು ಉಪ್ಪಿಲ್ಲದ ಸಾರಿನಂತಾಯಿತು. ಆದರೂ ಅರ್ಧ ಗಂಟೆ ಮಾತಾಡಿದಳು. ಹರಕೆಗೂ ಕಾವಿಗೂ ಊರಕೋಳಿ, ಮೊಟ್ಟೆ ಮಾರುವುದಾದರೆ ಗಿರಿರಾಜ ಎಂದು, ಬಾಯಿ ತಪ್ಪಿ ಗಿರಿರಾಜನನ್ನೂ ಒಪ್ಪಿಕೊಂಡಳು. ಅಲ್ಲಿಂದ ಮುಂದೆ ಸುತ್ತಲಿನವರು ಗೂಡು ಕಟ್ಟುವಾಗೆಲ್ಲ ಅವಳನ್ನು ಕರೆಯುತ್ತಾರೆ. ಅವಳು ಹೋಗಿ ಮೊದಲು ಬೈಯುತ್ತಾಳೆ, ಆಮೇಲೆ ಸರಿಮಾಡುತ್ತಾಳೆ.

ಅವಳ ಸ್ವಂತ ಗೂಡಿನ ಮಣ್ಣು ನೆಲ ಮಾತ್ರ ಆ ವರ್ಷದ ಮಳೆಗೆ ಕೆಸರಾಗಿ ನಾರುತ್ತಿತ್ತು. ಒಂದು ಮಧ್ಯಾಹ್ನ ಅವಳು ಗಿರಣಿಯಿಂದ ಎರಡು ಚೀಲ ಭತ್ತದ ಹೊಟ್ಟು ತಂದು ಹರಡಿದಳು. ಬೇಲಿಯಾಚೆ ನಿಂತಿದ್ದ ಮಾಸ್ತರರು ನೋಡಿದರು, ಏನೂ ಹೇಳದೆ ಒಳಗೆ ಹೋದರು. ಒಂದು ಮಾತಾದರೂ ಆಡಿದ್ದರೆ ಬೈಯಬಹುದಿತ್ತು ಎಂದು ನಾಗಿ ಸಂಜೆಯವರೆಗೂ ಕುದಿಯುತ್ತಿದ್ದಳು.