ಒಂದೂಕಾಲು ತಾಸಿನ ನಾಗಪುರ

ನಾಗಪುರ ಬಹಳ ದೂರವಲ್ಲವೇ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ದೇಶದ ನಟ್ಟನಡುವೆ ಇರುವ ಊರು ದೂರ ಹೇಗಾದೀತು? ಊರೂರಿನ ದೂರ ಗುರುತಿಸಲು ಹಿಂದಿನವರು ನೆಟ್ಟ ಕಲ್ಲುಕಂಬವೇ ನಮ್ಮಲ್ಲಿದೆ. ಬೇಕಾದರೆ ನೀವೇ ದೂರ ಇದ್ದೀರಿ ಎನ್ನಿ, ಒಪ್ಪುತ್ತೇನೆ. ನಾನು ವಿಜಯಪುರದಿಂದ ನೌಕರಿಗೆಂದು ಬಂದವನು. ಇಲ್ಲಿನ ಮನೀಶ್ ನಗರ ಬಡಾವಣೆಯಲ್ಲಿ ಮನೆ ಕಟ್ಟಿದ ಮೇಲಂತೂ ನನ್ನ ಅಭಿಮಾನ ಇಲ್ಲೇ ಹುಟ್ಟಿದವರಿಗಿಂತ ಒಂದು ಹಿಡಿ ಹೆಚ್ಚೇ ಆಗಿದೆ. ಇಲ್ಲಿಯ ಬಿಸಿಲನ್ನು ಯಾರಾದರೂ ಬೈದರೆ ಅದಕ್ಕೂ ನಾನೇ ವಕೀಲ.

ಆದರೆ ಮಗಳು ಭಾಗ್ಯಳನ್ನು ಕೊಟ್ಟದ್ದು ಕಲಬುರಗಿಗೆ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂಬುದು ನಮ್ಮ ಪದ್ಧತಿ. ಕುಬಸ, ಅಂದರೆ ಸೀಮಂತ, ಮುಗಿಸಿ ಕರೆತರೋಣವೆಂದರೆ ಬೀಗತಿ ಫೋನಿನಲ್ಲಿ ಒಂದೇ ಮಾತು ಹೇಳಿದರು: "ಬೀಗರೇ, ಬಸುರಿ ಹುಡುಗೀನ ಅಷ್ಟು ದೂರ ಕಳಸಂಗಿಲ್ರಿ. ಬಾಣಂತನ ಇಲ್ಲೇ ಆಗ್ಲಿ." ಹಳೆಯ ಮೆತ್ತನೆಯ ಸೀರೆಗಳಲ್ಲಿ ಕೂಸಿಗೆ ಕೌದಿ ಹೊಲಿಯುತ್ತಿದ್ದ ನನ್ನ ಹೆಂಡತಿ ಸೂಜಿ ಕೆಳಗಿಟ್ಟಳು.

"ದೂರ ಎಲ್ಲೈತ್ರಿ?" ಎಂದೆ ನಾನು. "ವಿಮಾನದಾಗ ಬರೋಬರ್ ಒಂದೂಕಾಲು ತಾಸು!"

ಬೀಗತಿಯವರ ಮನೆಯಲ್ಲಿ ದೂರವನ್ನು ಅಳೆಯುವುದು ಬುತ್ತಿಯಿಂದ. ಹೈದರಾಬಾದು ಒಂದು ಬುತ್ತಿಯ ದಾರಿ, ಬೆಂಗಳೂರು ಎರಡು. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಳ್ಳದೆ ಆ ಮನೆಯವರು ಪ್ರಯಾಣಕ್ಕೆ ಹೊರಟದ್ದೇ ಇಲ್ಲ. ಒಂದೂಕಾಲು ತಾಸಿಗೆ ಎಂಥ ಬುತ್ತಿ ಎಂದುಕೊಂಡು ಅವರು ಸೊಸೆಯ ಜೊತೆ ತಾವೂ ಬರಿಗೈಯಲ್ಲಿ ಹೊರಟರು. ಷರತ್ತು ಮಾತ್ರ ಹಾಕಿದ್ದರು: "ದೂರ ಅನಸ್ತು ಅಂದ್ರ ಆಕೀನ ಹೊಳ್ಳಿ ಕರ್ಕೊಂಡು ಬರ್ತೀನ್ರಿ."

ನಾನು ಹೇಳಿದ್ದು ಸುಳ್ಳೇನಲ್ಲ. ಹೈದರಾಬಾದಿನಿಂದ ನಾಗಪುರಕ್ಕೆ ಆಕಾಶದಲ್ಲಿ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಕಲಬುರಗಿಯಿಂದ ಹೈದರಾಬಾದಿನ ನಿಲ್ದಾಣ ಮುಟ್ಟಲು ಕಾರಿನಲ್ಲಿ ಅರ್ಧ ದಿನ ಬೇಕು, ಅಲ್ಲಿ ಸಾಲು, ತಪಾಸಣೆ, ಮತ್ತೆ ಕಾಯುವುದು, ಇವನ್ನು ಹೇಳಲಿಲ್ಲ ಅಷ್ಟೆ. ಊರಿನ ಅಭಿಮಾನಿಗಳು ನೆಲದ ಮೇಲಿನ ದಾರಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ವಿಮಾನ ನಿಲ್ದಾಣದಿಂದ ಹೊರಬಂದರು. ಬೀಗತಿಯ ಮುಖ ನೋಡಿ ನನ್ನ ನಮಸ್ಕಾರ ಅರ್ಧಕ್ಕೇ ನಿಂತಿತು.

"ನಿಮ್ಮ ನಾಗಪುರದ ತಾಸು ಭಾಳ ಉದ್ದ ಅವ ನೋಡ್ರಿ. ಬಸುರಿ ಹೆಣ್ಮಗಳು ಬರೇ ಬಿಸ್ಕೀಟ್ ತಿಂದು ಬಂದಾಳ."

ಮನೆ ಮುಟ್ಟುವವರೆಗೂ ನಾನು ಈ ಊರಿನ ಬಗ್ಗೆ ಒಂದು ಒಳ್ಳೆಯ ಮಾತೂ ಆಡಲಿಲ್ಲ. ನನಗೆ ಅದು ಉಪವಾಸಕ್ಕಿಂತ ಕಷ್ಟ. ಹೆಂಡತಿ ಬಿಸಿರೊಟ್ಟಿ ಬಡಿಸಿದಳು. ಉಂಡು ತನ್ನ ಹಳೆಯ ಕೋಣೆಗೆ ಹೋದ ಭಾಗ್ಯ, ಅವಳಮ್ಮ ಹೊದಿಕೆ ತರುವಷ್ಟರಲ್ಲಿ ಗಾಢ ನಿದ್ದೆಯಲ್ಲಿದ್ದಳು. ಬೀಗತಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ನಾವಿಬ್ಬರೂ ಅವರ ಮುಖವನ್ನೇ ನೋಡುತ್ತಿದ್ದೆವು.

"ಎರಡು ತಿಂಗಳಾತು, ನಮ್ಮನ್ಯಾಗ ಈಕಿಗೆ ಹಿಂಗ ನಿದ್ದಿ ಹತ್ತಿದ್ದಿಲ್ರಿ," ಎಂದರು ಮೆಲ್ಲಗೆ. "ದೂರ ಅದ, ಖರೆ. ಆದ್ರೂ ಇಲ್ಲೇ ಇರ್ಲಿ."

ನನ್ನ ಮಗಳಿಗೆ ನಮ್ಮ ಮನೆಯಲ್ಲಿ ಇನ್ನೂ ಹಾಗೆ ನಿದ್ದೆ ಹತ್ತುತ್ತದೆಂದು ನನಗಾದ ಹೆಮ್ಮೆ ಎಷ್ಟೆಂದರೆ, ನಾಗಪುರ ಎಷ್ಟು ತಾಸಿನ ದಾರಿ ಎಂದು ಬೀಗತಿ ಆಗ ಇನ್ನೊಮ್ಮೆ ಕೇಳಿದ್ದರೆ ನಿಜವನ್ನೇ ಹೇಳಿಬಿಡುತ್ತಿದ್ದೆ.