ಡೇಟಾ ಕಾರ್ಡಿಗೊಂದು ಅಂಗಿ

ಬೀದಿ ತಿರುವಿನ ಟೈಲರ್ ಅಂಗಡಿಯ ಯಜಮಾನರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಗವಸು ಮಾಸ್ಟರ್ ಎಂದರೆ ಸಾಕು, ಎಳೆಮಕ್ಕಳೂ ದಾರಿ ತೋರಿಸುತ್ತವೆ. ಕೋಟು ಪ್ಯಾಂಟು ಹೊಲಿಯುವುದು ಅವರ ಹೊಟ್ಟೆಪಾಡು, ಗವಸು ಹೊಲಿಯುವುದು ಅವರ ಚಟ. ಹೊಲಿಗೆ ಯಂತ್ರಕ್ಕೆ ಗವಸು, ರೇಡಿಯೋಕ್ಕೆ ಗವಸು, ಟಿವಿ ರಿಮೋಟಿಗೆ ಗವಸು. ಕತ್ತರಿಗೆ ಹೊಲಿದ ಗವಸು ಕೊಳೆಯಾಗಬಾರದೆಂದು ಅದರ ಮೇಲೂ ಒಂದು ಗವಸು! ಚೂರುಬಟ್ಟೆ ಕೈಗೆ ಸಿಕ್ಕರೆ ಸಾಕು, ಮನೆಯಲ್ಲಿ ಯಾವುದು ಬರಿಮೈಯಲ್ಲಿದೆ ಎಂದು ಅವರ ಕಣ್ಣು ಹುಡುಕಲು ಶುರುಮಾಡುತ್ತದೆ.

"ನಾನು ಒಂದು ಕಡೆ ಸುಮ್ನೆ ಕೂತ್ರೆ ನನಗೂ ಒಂದು ಹೊಲಿದು ಹಾಕಿಬಿಡ್ತಾರೆ. ಅದಕ್ಕೇ ಓಡಾಡ್ತಾ ಇರ್ತೀನಿ" ಎಂದು ಅವರ ಹೆಂಡತಿ ನೆರೆಹೊರೆಯವರಿಗೆ ಹೇಳಿ ನಗುತ್ತಿದ್ದಳು.

ಈ ಚಟವೇ ಒಂದು ದಿನ ಅವರ ಕಾಲು ಮುರಿಯಿತು. ಚಳಿಗಾಲ ಬಂತು, ಫ್ಯಾನಿಗೆ ಇನ್ನು ಕೆಲಸವಿಲ್ಲ, ಸುಮ್ಮನೆ ಧೂಳು ಯಾಕೆ ತಿನ್ನಬೇಕು ಎಂದು ಸ್ಟೂಲು ಹತ್ತಿ ಅದರ ರೆಕ್ಕೆಗಳಿಗೆ ಚೀಲ ತೊಡಿಸಲು ಹೋದರು. ಎರಡು ರೆಕ್ಕೆಗೆ ತೊಡಿಸಿದ್ದಾಯಿತು, ಮೂರನೆಯದಕ್ಕೆ ಕೈ ಚಾಚಿದರು, ಧೊಪ್ಪೆಂದು ಕೆಳಗೆ ಬಿದ್ದರು. ಆಸ್ಪತ್ರೆಯಿಂದ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಾಗ ಹೆಂಡತಿ ಅತ್ತು ಮುಗಿಸಿ, ಕಣ್ಣೊರೆಸಿಕೊಂಡು, "ಅಂತೂ ನಿಮಗೂ ಒಂದು ಗವಸು ಬಿತ್ತಲ್ಲ" ಎಂದಳು. ಮಾಸ್ಟರಿಗೆ ನಗು ಬರಲಿಲ್ಲ. ಬರುವುದಾದರೂ ಹೇಗೆ? ತಂಗಿಯ ಮದುವೆ ಹತ್ತಿರ ಬಂದಿತ್ತು. ಆ ಕಾಲು ಹೊತ್ತುಕೊಂಡು ಅಷ್ಟು ದೂರದ ಪ್ರಯಾಣ ಆಗದ ಮಾತು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಈ ತಂಗಿಯ ವಿಷಯ ಸ್ವಲ್ಪ ಹೇಳಬೇಕು. ತಾಯಿ ತಂದೆ ಹೋದ ಮೇಲೆ ಅವಳನ್ನು ಸಾಕಿದವರು ಮಾಸ್ಟರೇ. ಅವಳ ಶಾಲೆಯ ಸಮವಸ್ತ್ರದಿಂದ ಹಿಡಿದು ನರ್ಸ್ ಕೆಲಸದ ಮೊದಲ ದಿನದ ಬಿಳಿ ಅಂಗಿಯವರೆಗೆ ಎಲ್ಲವೂ ಅವರ ಕೈಯಲ್ಲೇ ಹೊಲಿದದ್ದು. ಎಲ್ಲಕ್ಕೂ ಕತ್ತಿನವರೆಗೆ ಗುಂಡಿ. ಗಂಡು ನೋಡುವ ಕಾಲ ಬಂದಾಗ ಬಂದವರನ್ನೆಲ್ಲ ಅಳೆದದ್ದೂ ಅವರೇ. ಒಬ್ಬನ ಭುಜ ಇಳಿಜಾರು, ಒಬ್ಬ ಕೋಟನ್ನು ಮುದ್ದೆಮಾಡಿ ಕುರ್ಚಿಯ ಮೇಲೆ ಎಸೆದ, ಇನ್ನೊಬ್ಬನ ತೋಳಿನ ಗುಂಡಿ ಕಿತ್ತುಹೋಗಿದ್ದರೂ ಅವನಿಗೆ ಗೊತ್ತೇ ಇಲ್ಲ. "ತನ್ನ ಗುಂಡಿಯನ್ನೇ ನೋಡಿಕೊಳ್ಳದವನು ನನ್ನ ತಂಗೀನ ನೋಡ್ಕೋತಾನಾ?" ಎಂದು ವಾದಿಸುತ್ತಿದ್ದರು. ಹೀಗೆ ಅಳೆದು ಅಳೆದು ಅವಳ ತಲೆಗೂದಲು ನರೆಯಿತು. ಪಾಪ, ಅವಳು ತುಟಿ ಪಿಟಕ್ಕೆನ್ನಲಿಲ್ಲ. ದೂರದ ಊರಿನ ಆಸ್ಪತ್ರೆಯಲ್ಲಿ ಕೆಲಸ ಹಿಡಿದು ಹೋದಳು. ಹೋದವಳು ಒಂದು ದಿನ ಫೋನ್ ಮಾಡಿ, ಆಂಬುಲೆನ್ಸ್ ಓಡಿಸುವವರೊಬ್ಬರನ್ನು ಮದುವೆಯಾಗುತ್ತಿದ್ದೇನೆ ಎಂದಳು. ಕೇಳಲಿಲ್ಲ, ಹೇಳಿದಳು.

ಮಾಸ್ಟರ್ ಎರಡು ದಿನ ಮುಖ ಊದಿಸಿಕೊಂಡಿದ್ದರು. "ಆ ಡ್ರೈವರು" ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಮೂರನೆಯ ದಿನ ಎದ್ದು, ನೆನಪಿನ ಅಳತೆಯಲ್ಲೇ ತಂಗಿಗೆ ಒಂದು ನೀಲಿ ಉಲ್ಲನ್ ಕೋಟು ಕತ್ತರಿಸಿ, ಹೊಲಿದು ಕಳಿಸಿದರು. ಒಳಗೆ ದಪ್ಪ ಲೈನಿಂಗು, ಮೇಲೆ ಕತ್ತಿನವರೆಗೆ ಗುಂಡಿ. ಅಲ್ಲಿ ಚಳಿ ಎಂದು ಅವಳೇ ಯಾವಾಗಲೋ ಹೇಳಿದ್ದಳಲ್ಲ!

ಕಾಲು ಮುರಿದ ಸುದ್ದಿ ಕೇಳಿ ತಂಗಿ ಒಂದು ದಾರಿ ಹುಡುಕಿದಳು. ತನ್ನ ಹಳೆಯ ಲ್ಯಾಪ್‌ಟಾಪನ್ನು ಪಾರ್ಸೆಲ್ ಮಾಡಿ ಕಳಿಸಿ, ಮೊಬೈಲ್ ಅಂಗಡಿಯಲ್ಲಿ ಒಂದು ಡೇಟಾ ಕಾರ್ಡ್ ತೆಗೆದುಕೊಳ್ಳಲು ಹೇಳಿದಳು. "ಅಣ್ಣ, ನೋಂದಣಿ ಕಚೇರಿಯಲ್ಲಿ ನಾನು ಸಹಿ ಹಾಕೋವಾಗ ನಿನ್ನ ಮುಖ ನನ್ನೆದುರು ಇರಬೇಕು. ನೀನು ಕಾಣದೆ ನಾನು ಪೆನ್ನು ಮುಟ್ಟಲ್ಲ, ನೋಡ್ತಿರು."

ಡೇಟಾ ಕಾರ್ಡ್ ಎಂದರೆ ಹೆಬ್ಬೆರಳಿನಷ್ಟು ದಪ್ಪದ ಒಂದು ಬಿಳಿ ತುಂಡು. ಒಳಗೆ ಸಿಮ್, ಒಂದು ತುದಿಗೆ ತಗಡಿನ ಮೂತಿ. ಆ ಮೂತಿಯನ್ನು ಲ್ಯಾಪ್‌ಟಾಪಿನ ಪಕ್ಕದ ಕಿಂಡಿಗೆ ಸಿಕ್ಕಿಸಿದರೆ ಬೆನ್ನ ಮೇಲೆ ಹಸಿರು ದೀಪ ಮಿನುಗುತ್ತದೆ, ಇಂಟರ್ನೆಟ್ ಬರುತ್ತದೆ. ಹೆಂಡತಿ ಅದನ್ನು ತಂದು ಕಟಿಂಗ್ ಮೇಜಿನ ಮೇಲಿಟ್ಟಾಗ ಮಾಸ್ಟರ್ ತಿರುಗಿಸಿ ಮುರುಗಿಸಿ ನೋಡಿದರು. ಇಷ್ಟು ಮುಖ್ಯವಾದ ವಸ್ತು ಇಷ್ಟೊಂದು ಬರಿಮೈಯಲ್ಲಿ! ಮಿಕ್ಕಿದ್ದ ನೀಲಿ ಉಲ್ಲನ್ನಿನಲ್ಲೇ ಒಂದು ಗವಸು ಕತ್ತರಿಸಿ, ಒಳಗೆ ಹತ್ತಿ ತುಂಬಿ, ದೀಪ ಕಾಣಲೆಂದು ಬೆನ್ನಿಗೊಂದು ಕಾಜಾ ಮಾಡಿದರು. ಗುಂಡಿಗೆ ಮಾಡುವ ಕಾಜಾ ಎಷ್ಟು ನೀಟೋ ಇದೂ ಅಷ್ಟೇ ನೀಟು. ಮೂತಿ ಮಾತ್ರ ಹೊರಗೆ.

"ಇದಕ್ಕೆ ಅಂಗಿ ಯಾಕ್ರೀ?" ಎಂದಳು ಹೆಂಡತಿ.

"ಚಳಿ ಕಣೇ" ಎಂದರು ಮಾಸ್ಟರ್. ತಮಾಷೆಗೆ ಅಂದರೋ ನಿಜವಾಗಿ ಅಂದರೋ ದೇವರೇ ಬಲ್ಲ.

ಅಂದಿನಿಂದ ಶುರುವಾಯಿತು ಗೋಳು. ಸಿಕ್ಕಿಸಿದಾಗ ಹಸಿರು ದೀಪ ಚೆನ್ನಾಗಿಯೇ ಮಿನುಗುತ್ತಿತ್ತು. ತಂಗಿಯ ಮುಖ ಪರದೆಯ ಮೇಲೆ ಬರುತ್ತಿತ್ತು. "ಅಣ್ಣ, ಊಟ ಆಯ್ತಾ? ಕಾಲು ಹೇಗಿದೆ?" ಎನ್ನುವಷ್ಟರಲ್ಲಿ ಬಾಯಿ ತೆರೆದಂತೆಯೇ ಮುಖ ನಿಂತುಹೋಗುತ್ತಿತ್ತು. ದೀಪ ಕೆಂಪು. ಸಂಪರ್ಕ ಕಡಿದಿದೆ ಎಂದು ಲ್ಯಾಪ್‌ಟಾಪು ಒಂದು ಡಬ್ಬಿ ತೋರಿಸುತ್ತಿತ್ತು. ಒಂದು ದಿನವಲ್ಲ, ಪ್ರತಿ ದಿನ ಇದೇ ಕಥೆ.

ಹೆಂಡತಿ ಲ್ಯಾಪ್‌ಟಾಪನ್ನೂ ಕಾರ್ಡನ್ನೂ ಚೀಲಕ್ಕೆ ಹಾಕಿಕೊಂಡು ಮೊಬೈಲ್ ಅಂಗಡಿಗೆ ಹೋದಳು. ಅಲ್ಲಿ ಏನಾಶ್ಚರ್ಯ, ಕಾರ್ಡು ಕುದುರೆಯ ಹಾಗೆ ಓಡಿತು! ಅಂಗಡಿಯವನು ಒಂದು ಇಡೀ ಸಿನಿಮಾ ಹಾಕಿ ತೋರಿಸಿ, "ಅಮ್ಮಾ, ಕಾರ್ಡು ಬಂಗಾರದಂಥದ್ದು. ನಿಮ್ಮ ಮನೇಲಿ ಸಿಗ್ನಲ್ ಇಲ್ಲ, ಕಿಟಕಿ ಹತ್ರ ಇಟ್ಟು ನೋಡಿ" ಎಂದ. ಕಿಟಕಿಯ ಹತ್ತಿರ ಇಟ್ಟಾಯಿತು, ಜಗಲಿಯಲ್ಲಿ ಇಟ್ಟಾಯಿತು, ಬೀರುವಿನ ನೆತ್ತಿಯ ಮೇಲೂ ಇಟ್ಟಾಯಿತು. ಎಲ್ಲಿ ಇಟ್ಟರೂ ಸ್ವಲ್ಪ ಹೊತ್ತಿಗೆ ಕೆಂಪು. ಮತ್ತೆ ಅಂಗಡಿ, ಮತ್ತೆ ಹಸಿರು. ಮತ್ತೆ ಮನೆ, ಮತ್ತೆ ಕೆಂಪು.

"ನನ್ನ ಮುಖ ಕಂಡರೆ ಅದಕ್ಕೆ ಆಗಲ್ಲ" ಎಂದು ಮಾಸ್ಟರ್ ನಿಟ್ಟುಸಿರುಬಿಟ್ಟರು. ಮಾತು ನಗೆಯದೇ, ಆದರೆ ಒಳಗೊಳಗೆ ಅವರಿಗೆ ದಿಗಿಲು. ಬಂದ ಗಂಡುಗಳನ್ನೆಲ್ಲ ವಾಪಸು ಕಳಿಸಿದವನು, ಈಗ ಮದುವೆಗೂ ಬರಲಿಲ್ಲ, ಪರದೆಯ ಮೇಲೂ ಕಾಣಲಿಲ್ಲ ಎಂದರೆ ಆ ಹುಡುಗಿ ಏನೆಂದುಕೊಂಡಾಳು? ಅಣ್ಣನಿಗೆ ಇಷ್ಟವಿಲ್ಲ ಎಂದಲ್ಲವೇ?

ಮದುವೆಯ ಬೆಳಿಗ್ಗೆ ಮಾಸ್ಟರ್ ತಮ್ಮ ಒಳ್ಳೆಯ ಕೋಟು ತೊಟ್ಟು, ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲೆ ನೀಡಿ, ಲ್ಯಾಪ್‌ಟಾಪಿನ ಎದುರು ಕುಳಿತರು. ನೆತ್ತಿಯ ಮೇಲೆ ಫ್ಯಾನು ಎರಡು ರೆಕ್ಕೆಗೆ ಅಂಗಿ ತೊಟ್ಟು, ಒಂದು ರೆಕ್ಕೆ ಬತ್ತಲೆ ಬಿಟ್ಟು ನೇತಾಡುತ್ತಿತ್ತು. ಹಸಿರು ದೀಪ ಮಿನುಗಿತು. ನೋಂದಣಿ ಕಚೇರಿಯ ಕೋಣೆ ಕಂಡಿತು. ಜನ ಕಿಕ್ಕಿರಿದಿದ್ದರು, ಬಾಗಿಲ ಬಳಿ ಮುಂದಿನ ಜೋಡಿಗಳು ಕಾಯುತ್ತಿದ್ದವು. ಮಧ್ಯದಲ್ಲಿ ನೀಲಿ ಕೋಟಿನ ತಂಗಿ. ಪಕ್ಕದಲ್ಲಿ ಒಬ್ಬ ಬೋಳುತಲೆಯ ಎತ್ತರದ ಮನುಷ್ಯ.

"ಅಣ್ಣ! ಕಾಣ್ತಿದ್ದೀಯ! ಇನ್ನೇನು ನಮ್ಮ ಸರದಿ..." ಎಂದವಳ ಮುಖ ಹಾಗೇ ನಿಂತಿತು. ಕೆಂಪು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ ಎತ್ತಿದಳು, ಆ ಕಡೆ ತಂಗಿ. "ಕರೀತಿದ್ದಾರಂತೆ ರೀ. ಇವಳು ಸಹಿ ಹಾಕಲ್ಲ ಅಂತ ಪಟ್ಟು ಹಿಡಿದಿದ್ದಾಳೆ. ಅಧಿಕಾರಿ ರೇಗ್ತಿದ್ದಾರೆ, ಮುಂದಿನವರನ್ನ ಕರೆದುಬಿಡ್ತೀನಿ ಅಂತಿದ್ದಾರಂತೆ!"

"ಹಾಕಲಿ ಅನ್ನು, ನನ್ನ ಕಾಯಬೇಡ ಅನ್ನು!"

"ಹೇಳ್ದೆ. ಕೇಳಲ್ವಂತೆ. ನಿಮ್ಮ ತಂಗಿ ಅಲ್ವಾ!"

ಇಷ್ಟು ದಿನ ಕಾರ್ಡನ್ನು ಸಿಕ್ಕಿಸುವುದು ತೆಗೆಯುವುದು ಎಲ್ಲ ಹೆಂಡತಿಯ ಕೆಲಸ. ಅವಳ ಕೈಯಲ್ಲೀಗ ಫೋನು. ಕಿತ್ತು ಮತ್ತೆ ಸಿಕ್ಕಿಸೋಣವೆಂದು ಮಾಸ್ಟರೇ ಮುಂದೆ ಬಾಗಿ ಎಳೆದರು. ತಗಡಿನ ಮೂತಿಗೆ ಬೆರಳು ತಗುಲಿದ್ದೇ ತಡ, "ಹಾ!" ಎಂದು ಕೈ ಕೊಡವಿದರು.

ಆಮೇಲೆ ಜನ್ಮದ ಅಭ್ಯಾಸ ಬಿಡುತ್ತದೆಯೇ? ಬೆರಳಿನ ತುದಿಯನ್ನು ನಾಲಿಗೆಗೆ ಒತ್ತಿ, ಇಸ್ತ್ರಿಪೆಟ್ಟಿಗೆಯ ಕಾವು ನೋಡುವ ಹಾಗೆ ಮೂತಿಯನ್ನು ಮತ್ತೊಮ್ಮೆ ಮುಟ್ಟಿದರು. "ಎಲಾ ಇದರ! ಇದು ಉರೀತಿದೆ ಕಣೇ! ಇದಕ್ಕೆ ಸೆಕೆ ಆಗಿದೆ! ಆದರೆ ಅಂಗಡೀಲಿ ಯಾಕೆ ಓಡ್ತಿತ್ತು?"

ಹೆಂಡತಿ ಫೋನು ಹಿಡಿದುಕೊಂಡೇ ತಲೆ ತಗ್ಗಿಸಿದಳು. "ರೀ, ಬೈಬೇಡಿ. ಅಂಗಡಿ ಮೆಟ್ಟಿಲ ಹತ್ರ ಅದರ ಅಂಗಿ ಬಿಚ್ಚಿ ಚೀಲಕ್ಕೆ ಹಾಕ್ಕೊಂಡುಬಿಡ್ತಿದ್ದೆ. ಅವನು ನಿಮ್ಮನ್ನ ಆಡ್ಕೊಂಡು ನಗ್ತಾನೆ ಅಂತ. ಮನೆ ಬಾಗಿಲಿಗೆ ಬಂದ ಮೇಲೆ ಮತ್ತೆ ತೊಡಿಸ್ತಿದ್ದೆ, ನಿಮಗೆ ಬೇಜಾರಾಗಬಾರದು ಅಂತ."

ಬೈಯಲು ಸಮಯವೆಲ್ಲಿತ್ತು? ಮನಸ್ಸೂ ಇರಲಿಲ್ಲ. ಮಾಸ್ಟರ್ ಗವಸು ಎಳೆದು ಬಿಸಾಡಿದರು. ಬಿಳಿ ತುಂಡು ಬೆವರಿ ಬಸವಳಿದ ಮಗುವಿನಂತೆ ಹೊರಬಂತು. "ಬೀಸೇ, ಬೀಸು!" ಎಂದರು. ಫ್ಯಾನು ಹಾಕೋಣವೆಂದರೆ ಅದಕ್ಕೂ ಇವರೇ ಅಂಗಿ ತೊಡಿಸಿದ್ದಾರೆ! ಹೆಂಡತಿ ಕೈಗೆ ಸಿಕ್ಕ ರಟ್ಟಿನ ಕಾಲರ್ ಅಚ್ಚು ತೆಗೆದುಕೊಂಡು, ಒಂದು ಕೈಯಲ್ಲಿ ಬೀಸುತ್ತ, ಇನ್ನೊಂದರಲ್ಲಿ ಫೋನು ಹಿಡಿದು, "ಅವರಿಗೆ ಸ್ವಲ್ಪ ತಡೀರಿ ಅನ್ನಮ್ಮ, ಕಾರ್ಡಿಗೆ ಗಾಳಿ ಹಾಕ್ತಿದ್ದೀವಿ" ಎಂದಳು. ಆ ಕಡೆ ಏನು ಅರ್ಥವಾಯಿತೋ!

ತಣ್ಣಗಾದ ಮೇಲೆ ಸಿಕ್ಕಿಸಿದರು. ಹಸಿರು ಬಂತು. ಹೆಂಡತಿ ಬೀಸುತ್ತಲೇ ಇದ್ದಳು. ಕೋಣೆ ಕಂಡಿತು, ತಂಗಿ ಕಂಡಳು. ಈ ಸಲ ದೀಪ ಬಣ್ಣ ಬದಲಿಸಲಿಲ್ಲ.

"ಅಣ್ಣ, ಸಹಿ ಹಾಕಲಾ?"

ಮಾಸ್ಟರ ಕಣ್ಣು ಪರದೆಯ ಮೇಲೇ ಇತ್ತು. ತಂಗಿಯ ಹಣೆಯಲ್ಲಿ ಬೆವರು ಹರಳುಗಟ್ಟಿತ್ತು. ಜನ ತುಂಬಿದ ಆ ಕೋಣೆಯಲ್ಲಿ ಎಲ್ಲರೂ ತೆಳು ಅಂಗಿಯಲ್ಲಿದ್ದಾರೆ, ಇವಳೊಬ್ಬಳು ದಪ್ಪ ಲೈನಿಂಗಿನ ಉಲ್ಲನ್ ಕೋಟಿನೊಳಗೆ, ಕತ್ತಿನವರೆಗೆ ಗುಂಡಿ ಹಾಕಿಕೊಂಡು ಬೇಯುತ್ತಿದ್ದಾಳೆ. ಅಣ್ಣ ಹೊಲಿದದ್ದು ಎಂದು ಒಂದೇ ಒಂದು ಗುಂಡಿಯನ್ನೂ ಬಿಚ್ಚಿಲ್ಲ.

"ಮೊದಲು ಆ ಕೋಟು ಬಿಚ್ಚಮ್ಮ. ಸೆಕೆ ಆಗ್ತಿದೆ ನಿನಗೆ."

"ಪರವಾಗಿಲ್ಲ ಅಣ್ಣ. ನೀನು ಹೊಲಿದಿದ್ದು."

"ಹೊಲಿದವನೇ ಹೇಳ್ತಿದ್ದೀನಲ್ಲ, ಬಿಚ್ಚು. ಬಿಚ್ಚಿ..." ಅವರ ಕಣ್ಣು ಬೋಳುತಲೆಯವನ ಕಡೆ ಹೋಯಿತು. "ಬಿಚ್ಚಿ ನಿಮ್ಮೋರ ಕೈಗೆ ಕೊಡು, ಹಿಡ್ಕೊಳ್ಳಲಿ."

ರಟ್ಟು ಬೀಸುತ್ತಿದ್ದ ಹೆಂಡತಿಯ ಕೈ ಒಂದು ಕ್ಷಣ ನಿಂತಿತು. "ಆ ಡ್ರೈವರು" ಹೋಗಿ "ನಿಮ್ಮೋರು" ಬಂದದ್ದನ್ನು ತಂಗಿಯೂ ಕೇಳಿಸಿಕೊಂಡಳು. ಅವಳ ಕಣ್ಣು ತುಂಬಿ ಬಂತು, ಮುಖವೆಲ್ಲ ನಗುವಾಯಿತು. ಒಂದೊಂದೇ ಗುಂಡಿ ಬಿಚ್ಚಿದಳು. ಬೋಳುತಲೆಯ ಮನುಷ್ಯ ಎರಡೂ ಕೈಯಲ್ಲಿ ಕೋಟನ್ನು ತೆಗೆದುಕೊಂಡ. ಮುದ್ದೆ ಮಾಡಲಿಲ್ಲ, ಕುರ್ಚಿಯ ಮೇಲೆ ಎಸೆಯಲಿಲ್ಲ. ಭುಜಕ್ಕೆ ಭುಜ ಕೂಡಿಸಿ, ಲೈನಿಂಗ್ ಹೊರಗೆ ಬರುವಂತೆ ಮಗುಚಿ, ಮಡಚಿ ತೋಳಿನ ಮೇಲೆ ಹಾಕಿಕೊಂಡ. ಯಾವ ಟೈಲರಾದರೂ ಹಾಗೆಯೇ ಮಡಚುತ್ತಾನೆ.

ಮಾಸ್ಟರ್ ಮುಂದೆ ಬಾಗಿ ಕಣ್ಣು ಕಿರಿದು ಮಾಡಿ ನೋಡಿದರು.

"ಪರವಾಗಿಲ್ಲ ಕಣೇ, ಮಡಚೋಕೆ ಬರುತ್ತೆ" ಎಂದು ಹೆಂಡತಿಗೆ ಹೇಳಿದರು. ಆಮೇಲೆ ಲ್ಯಾಪ್‌ಟಾಪಿನ ಕಡೆ ತಿರುಗಿ, ಇಡೀ ಕಚೇರಿಗೆ ಕೇಳುವಂತೆ, "ಸಹಿ ಹಾಕಮ್ಮ" ಎಂದರು.