ಬರ್ತೇನಿ ಎನ್ನದೆ ಹೋದವರು

ಅಕ್ಕ ತೀರಿಕೊಂಡದ್ದು ಮಳೆಗಾಲದಲ್ಲಿ. ದೀಪಾವಳಿ ಮುಗಿದ ಮೇಲೆ ಅವಳ ಮಗಳಿಗೆ ಏಳು ತುಂಬುವುದಿತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದ ಹೊತ್ತು. ಹುಡುಗಿಯನ್ನು ನೋಡಿಕೊಳ್ಳಲೆಂದು ಖಾನಾಪುರದ ನಮ್ಮ ಮನೆಯಿಂದ ನನ್ನನ್ನು ಬೆಳಗಾವಿಗೆ ಕಳಿಸಿದ್ದರು. ಹಿಂದವಾಡಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ. ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತಿದ್ದೆ. ಅವರು ಮಚ್ಛೆಯ ಒಂದು ಸಣ್ಣ ಕಾರಖಾನೆಯಲ್ಲಿ ಲೇಥ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ಜೊತೆಗೆ ಅವರ ತಾಯಿ. ಅವರು ನನಗೆ ಅತ್ತಿ, ಹುಡುಗಿಗೆ ಆಯಿ. ನಾನು ಹುಡುಗಿಗೆ ಮೌಶಿ.

ಆ ತಿಂಗಳುಗಳಲ್ಲಿ ನಾನು ಅತ್ತ ನೆನಪಿಲ್ಲ. ನಳದ ನೀರು ತುಂಬಿದ್ದು ನೆನಪಿದೆ, ಹುಡುಗಿಯ ಜಡೆ ಹೆಣೆದದ್ದು ನೆನಪಿದೆ. ಅಕ್ಕ ಹಾಕುತ್ತಿದ್ದಷ್ಟು ಬಿಗಿಯಾಗಿ ನನ್ನ ಕೈಗೆ ಬರುತ್ತಿರಲಿಲ್ಲ. ಮಧ್ಯಾಹ್ನದೊಳಗೆ ಜಡೆ ಸಡಿಲಾಗುತ್ತಿತ್ತು. ಹುಡುಗಿ ಬಿಚ್ಚಿದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ, ಜಡೆ ಹೆಣೆಯುತ್ತಿರುವಾಗಲೇ, ಅವಳು ಕೇಳಿದಳು.

"ಮೌಶಿ, ನಂದು ಬರ್ತ್‌ಡೇ ಮಾಡೂಣು?"

"ಯಾಕವಾ, ಈ ವರ್ಷ?"

"ಬರ್ತ್‌ಡೇ ಮಾಡಿದ್ರ ಹುಡುಗ್ಯಾರು ಮನಿಗೆ ಬರ್ತಾರ. ಸುಮ್ನ ಬಾ ಅಂದ್ರ ಯಾರೂ ಬರವಲ್ಲರು."

ಆಗ ನಾನು ಗಮನಿಸಿದೆ. ಮೊದಲು ನಮ್ಮ ಅಂಗಳದಲ್ಲೇ ಓಣಿಯ ಹುಡುಗಿಯರ ಕುಂಟಾಟ ನಡೆಯುತ್ತಿತ್ತು. ಈಗ ಅದು ಆಚೆ ಮನೆಯ ಮುಂದಕ್ಕೆ ಸರಿದಿತ್ತು. ಇವಳು ಅಲ್ಲಿಗೆ ಹೋಗಿ ಆಡಿ ಬರುತ್ತಿದ್ದಳು, ಆದರೆ ಯಾರೂ ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ.

"ಅವ್ವ ಟಾಂಗಾ ಹತ್ತುಮುಂದ ಬರ್ತೇನಿ ಅನ್ನಲಿಲ್ಲ," ಎಂದಳು ಹುಡುಗಿ. "ಆಮ್ಯಾಲ ಬಂದ ಮಂದಿನೂ ಯಾರೂ ಅನ್ನಲಿಲ್ಲ. ಅದಕ್ಕ ಯಾರೂ ತಿರುಗಿ ಬಂದಿಲ್ಲ."

ಅಕ್ಕ ದವಾಖಾನೆಗೆ ಹೊರಟಾಗ ನಾನು ಅಲ್ಲಿರಲಿಲ್ಲ. ನೋವಿನಲ್ಲಿ ಅವಳಿಗೆ ಮಾತು ಹೊರಡಲಿಲ್ಲವಂತೆ, ಅತ್ತಿ ಹೇಳಿದ್ದರು. ಇನ್ನು ಬಂದ ಮಂದಿಯ ಮಾತು ಬೇರೆ. ಸಾವಾದ ಮನೆಗೆ ಮಾತಾಡಿಸಲು ಹೋದವರು ಏಳುವಾಗ 'ಹೋಗಿ ಬರ್ತೇವಿ' ಎನ್ನುವುದಿಲ್ಲ, ಮನೆಯವರೂ 'ಬರ್ರಿ' ಎನ್ನುವುದಿಲ್ಲ. ಇಂಥ ಕೆಲಸಕ್ಕೆ ಮತ್ತೆ ಬರುವಂತಾಗದಿರಲಿ ಎಂದು. ದೊಡ್ಡವರಿಗೆ ಇದು ಗೊತ್ತು. ಬಾಗಿಲ ಬದಿಗೆ ಕುಳಿತಿದ್ದ ಮಗು ನೋಡಿದ್ದು ಮಾತ್ರ ಬೇರೆ: ಬಂದವರೆಲ್ಲ ಮಾತಿಲ್ಲದೆ ಎದ್ದು ಹೋದರು, ಮತ್ತೆ ಬರಲಿಲ್ಲ.

ಬರ್ತ್‌ಡೇ ಮಾಡಬಹುದೇ ಎಂದು ಅತ್ತಿಯನ್ನು ಕೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ಬಾಜೂ ಮನೆಯ ವೈನಿ ಹೊಸ್ತಿಲಾಚೆ ನಿಂತಿದ್ದಳು. ಮರಾಠಿ ಮನೆಯವಳು, ನಮ್ಮ ಜೊತೆ ಕನ್ನಡವನ್ನೇ ಆಡುತ್ತಿದ್ದಳು.

"ವರ್ಷ ಆಗೂತನಕ ಈ ಮನ್ಯಾಗ ಎಣ್ಣ್ಯಾಗ ಕರಿಯೂದಿಲ್ಲ, ಸಿಹಿ ಮಾಡೂದಿಲ್ಲ," ಎಂದರು ಅತ್ತಿ.

"ನಿಮ್ಮೊಳಗ ಸೂತಕನ ಇಲ್ಲ ಅಂತೀರಲ್ಲರಿ, ಅವ್ವಾರ?" ಎಂದಳು ವೈನಿ. "ಬಸವಣ್ಣನವರು ಹೇಳ್ಯಾರಂತ."

"ಅವರು ಹೇಳ್ಯಾರವಾ. ಓಣಿ ಮಂದಿ ಕೇಳಬೇಕಲ್ಲ?"

ವೈನಿ ನಕ್ಕಳು. ಅತ್ತಿ ನಗಲಿಲ್ಲ. ಸ್ವಲ್ಪ ಹೊತ್ತು ಅಕ್ಕಿಯಲ್ಲಿ ಬೆರಳಾಡಿಸಿ, "ಕರಿಯೂದು ಬ್ಯಾಡ, ಸಿಹಿ ಬ್ಯಾಡ, ಆರತಿ ಬ್ಯಾಡ. ಉಳಿದದ್ದು ಮಾಡ್ಕೋರಿ," ಎಂದರು.

ಉಳಿದದ್ದರಲ್ಲಿ ಏನು ಮಾಡುವುದೆಂದು ಯೋಚಿಸುತ್ತ ಹೋದೆ. ಯೋಚಿಸುವುದು ಅಳುವುದಕ್ಕಿಂತ ಸುಲಭವಿತ್ತು. ತಿನ್ನಲು ಚುರಮರಿ ನೆನೆಸಿ ಮಾಡುವ ಸುಸಲಾ, ಅದಕ್ಕೆ ಒಗ್ಗರಣೆ ಸಾಕು. ಮಕ್ಕಳು ಒಯ್ಯಲು ಹಳೆಯ ಪೇಪರಿನ ಸುರುಳಿಯಲ್ಲಿ ಪುಟಾಣಿ ಕಡಲೆ, ಮೇಲೊಂದು ಪೆಪ್ಪರ್‌ಮಿಂಟ್. ಹುಡುಗಿಗೆ ಕೇಕ್ ಬೇಕಿತ್ತು. ಬೇಕರಿಯ ಕೇಕ್ ನಮ್ಮ ಕೈಗೆಟಕುವುದಾಗಿರಲಿಲ್ಲ. ಪಾವಿನ ಹೋಳುಗಳನ್ನು ಒಂದರ ಮೇಲೊಂದಿಟ್ಟು ನಡುವೆ ಕೆನೆ ಸಕ್ಕರೆ ಸವರಬಹುದೇ ಎಂದು ಕೇಳಿದೆ. ಅತ್ತಿ ಬಹಳ ಯೋಚಿಸಿದರು.

"ಪಾವ್ ಪ್ಯಾಟ್ಯಾಗ ಆದದ್ದು. ನಮ್ಮ ಒಲಿ ಮ್ಯಾಲ ಏರಿಲ್ಲ. ನಡೀತೈತಿ."

ಮಾಮಾ ಒಂದು ಸಂಜೆ ವಡಗಾವಿಯಿಂದ ಒಂದು ಚೀಲ ತುಂಬ ಬಣ್ಣದ ನೂಲು ತಂದರು. ಅವರ ಗುರುತಿನ ನೇಕಾರರೊಬ್ಬರು ಮಗ್ಗದಡಿ ಉಳಿದ ತುಂಡು ನೂಲನ್ನು ಸುಮ್ಮನೆ ಕೊಟ್ಟಿದ್ದರು. ಮಾಮಾ ಚೀಲವನ್ನು ನನ್ನ ಮುಂದಿಟ್ಟು ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡರು. ನಾನೂ ಹುಡುಗಿಯೂ ಅದರಿಂದ ಗೊಂಡೆ ಕಟ್ಟಿ ಬಾಗಿಲಿಗೂ ಕಿಟಕಿಗೂ ತೂಗಿಬಿಟ್ಟೆವು.

ಹೊಸ ಫ್ರಾಕ್ ಹೊಲಿಸಲಿಲ್ಲ. ಹಿಂದಿನ ವರ್ಷದ ಫ್ರಾಕನ್ನು ಅಕ್ಕನೇ ಹೊಲಿದಿದ್ದಳು, ಬೆಳೆಯುವ ಹುಡುಗಿ ಎಂದು ಕೆಳಗೆ ಅಗಲವಾದ ಮಡಿಕೆ ಬಿಟ್ಟು. ಅವಳ ಹೊಲಿಗೆಯನ್ನು ಸೂಜಿಯಿಂದ ಒಂದೊಂದಾಗಿ ಬಿಚ್ಚಿ ಫ್ರಾಕ್ ಉದ್ದ ಮಾಡಿದೆ. ಬಿಚ್ಚಿದ ದಾರವನ್ನು ಎಸೆದೆನೋ ಎತ್ತಿಟ್ಟೆನೋ ಈಗ ಹೇಳಲಾರೆ. ಮಡಿಕೆ ಇದ್ದ ಜಾಗದಲ್ಲಿ ಬಣ್ಣ ಮಾಸದ ಒಂದು ಪಟ್ಟಿ ಕಾಣುತ್ತಿತ್ತು.

ಕರೆಯುವುದೇ ಕಷ್ಟವಾಯಿತು. ವರ್ಷ ಆಗುವತನಕ ನಾವು ಯಾರಿಗೂ 'ಬರ್ರಿ' ಎನ್ನುವಂತಿರಲಿಲ್ಲ. ಬಾಗಿಲು ಬಾಗಿಲಿಗೆ ಹೋಗಿ, "ನಾಳೆ ಸಂಜೀಕ ನಮ್ಮ ಹುಡುಗಿ ಹುಟ್ಟಿದ ದಿನಾರಿ," ಎಂದಷ್ಟೇ ಹೇಳಿ ನಿಲ್ಲುತ್ತಿದ್ದೆ. ಅವರೂ, "ಹೌದೇನವಾ," ಎಂದಷ್ಟೇ ಹೇಳಿ ನಿಲ್ಲುತ್ತಿದ್ದರು. ಹುಡುಗಿ ನನ್ನ ಸೆರಗು ಹಿಡಿದು ಜೊತೆಗಿದ್ದಳು. ಮನೆಗೆ ಬಂದ ಮೇಲೆ, "ನೀ ಬರ್ರಿ ಅನ್ನಲೇ ಇಲ್ಲ," ಎಂದಳು.

ಮರುದಿನ ಮಧ್ಯಾಹ್ನದ ರೈಲಿಗೆ ನನ್ನ ಅವ್ವ ಖಾನಾಪುರದಿಂದ ಬಂದಳು. ಅಕ್ಕನನ್ನು ಮಣ್ಣು ಮಾಡಿದ ದಿನ ಹೋದವಳು ಈಗಲೇ ಬಂದದ್ದು. ಅಂದು ಅವಳೂ ಮಾತಿಲ್ಲದೆ ಹೊಸ್ತಿಲು ದಾಟಿದ್ದಳು. ನಮ್ಮಲ್ಲೆಲ್ಲ ಇಂಥ ಪದ್ಧತಿಗಳನ್ನು ಬಿಗಿಯಾಗಿ ನಡೆಸುವವಳು ಅವಳೇ. ಕೈಯಲ್ಲಿ ಹಿತ್ತಾಳೆಯ ಡಬ್ಬಿ, ಅದರಲ್ಲಿ ಬೇಸನ್ ಉಂಡಿ. ಬೇರೆ ಮನೆಯ ಸಿಹಿಗೆ ದೋಷವಿಲ್ಲ. ಅತ್ತಿ ಡಬ್ಬಿ ಇಸಿದುಕೊಂಡರು. ಇಬ್ಬರೂ ಗೋಡೆಗೆ ಒರಗಿ ಕುಳಿತರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸಂಜೆ ಮಕ್ಕಳು ಬಂದರು. ಬರುವುದಿಲ್ಲ ಎಂದು ನಾನು ನಿಶ್ಚಯಿಸಿಕೊಂಡಿದ್ದೆ, ಆದರೆ ಬಂದರು. ವೈನಿಯ ಇಬ್ಬರು ಹೆಣ್ಣುಮಕ್ಕಳು ಮೊದಲು, ಅವರ ಹಿಂದೆ ಉಳಿದವರು. ಪಾವಿನ ಕೇಕಿನ ಮೇಲೆ ಮೇಣಬತ್ತಿ ಹಚ್ಚಿದೆ. ಹುಡುಗಿ ಊದಲು ಬಾಗಿದಳು.

"ದೀಪಾ ಆರಿಸ್ತೀಯೇನ? ಈ ಮನ್ಯಾಗ?" ಎಂದರು ಅತ್ತಿ.

ಹುಡುಗಿ ಬಾಯಿ ಮುಚ್ಚಿದಳು. ಬತ್ತಿಯನ್ನು ತೆಗೆದು ಗೂಡಿನಲ್ಲಿಟ್ಟೆ, ಅದು ಉರಿಯುತ್ತಲೇ ಇತ್ತು. ಮಕ್ಕಳಿಗೆ ಅದೇನೂ ದೊಡ್ಡದಾಗಲಿಲ್ಲ. ಸುಸಲಾ ತಿಂದರು, ಉಂಡಿ ತಿಂದರು, ಅಂಗಳದಲ್ಲಿ ಇದ್ದಿಲಿನಿಂದ ಮನೆ ಬರೆದು ಕುಂಟಿದರು. ನಮ್ಮ ಹುಡುಗಿ ಗಟ್ಟಿಯಾಗಿ ಜಗಳವಾಡಿದ್ದು ಕೇಳಿಸಿತು: "ಗೆರಿ ತುಳದಿ! ಖರೇ ತುಳದಿ! ನಾ ನೋಡೇನಿ!" ಅವ್ವ ತಲೆಯೆತ್ತಿ ಹೊರಗೆ ನೋಡಿದಳು.

ಕತ್ತಲಾಗುವ ಮೊದಲು ಹುಡುಗಿ ಪುಟಾಣಿ ಸುರುಳಿಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. ಮೊದಲನೆಯವಳು ಸುರುಳಿ ತೆಗೆದುಕೊಂಡು ತುಟಿ ಬಿಗಿಹಿಡಿದು ಹೊರಟಳು. ಎರಡನೆಯವಳೂ ಹಾಗೆಯೇ. ತಾಯಂದಿರು ಹೇಳಿ ಕಳಿಸಿದ್ದರು. ವೈನಿಯ ಚಿಕ್ಕ ಮಗಳು "ಬರ್ತೇ" ಎನ್ನುವಷ್ಟರಲ್ಲಿ ಅವಳ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಇಬ್ಬರೂ ಹಾಗೇ ಮೆಟ್ಟಿಲಿಳಿದು ಹೋದರು. ತಟ್ಟೆ ಖಾಲಿಯಾಯಿತು. ಹುಡುಗಿ ನಿಂತೇ ಇದ್ದಳು.

"ಯಾರೂ ಅನ್ನಲಿಲ್ಲ, ಮೌಶಿ."

"ಹಂಗ ಅನಬಾರದವಾ, ಈ ವರ್ಷ," ಎಂದರು ಅತ್ತಿ ಒಳಗಿನಿಂದ.

ಅವ್ವನಿಗೆ ಖಾನಾಪುರದ ರೈಲು ಹಿಡಿಯಬೇಕಿತ್ತು. ಎದ್ದಳು, ಸೆರಗು ಹೊದ್ದಳು, ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿದಳು. ನಾನು ಡಬ್ಬಿ ತಂದುಕೊಟ್ಟೆ. ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ತಿರುಗಿ ಡಬ್ಬಿಯನ್ನು ಹೊಸ್ತಿಲೊಳಗೆ ಇಟ್ಟಳು.

"ಹೋಗಿ ಬರ್ತೇನವಾ," ಎಂದಳು ಹುಡುಗಿಗೆ. ದನಿ ಓಣಿಗೆ ಕೇಳುವಷ್ಟು ಗಟ್ಟಿಯಿತ್ತು.

ಒಳಗೆ ಅತ್ತಿಯ ಬಳೆಯ ಸದ್ದು ನಿಂತಿತು.

"ಯಾವಾಗ?" ಎಂದಳು ಹುಡುಗಿ.

"ಬರೂ ಸೋಮವಾರ. ಡಬ್ಬಿ ಒಯ್ಯಾಕ ಬರಬೇಕಲ್ಲ?"

ಹುಡುಗಿ ನನ್ನನ್ನು ನೋಡಿದಳು. ಅತ್ತಿ ಬಾಗಿಲಿಗೆ ಬಂದರು. ಅವ್ವನನ್ನು ಆ ದಿನ ಮೊದಲ ಸಲ ನೇರವಾಗಿ ನೋಡಿದರು.

"ಬರ್ರಿ," ಎಂದರು. "ಖಾಲಿ ಡಬ್ಬಿ ಕೊಡೂದಿಲ್ಲ ಮತ್ತ."

ಅವ್ವ ಓಣಿಯ ತಿರುವು ದಾಟುವವರೆಗೂ ಹುಡುಗಿ ಅಲ್ಲೇ ಇದ್ದಳು. ಆಮೇಲೆ ಬಾಜೂ ಮನೆಗೆ ಓಡಿದಳು. ಏನು ಮಾತಾಡಿದಳೋ ನನಗೆ ಕೇಳಿಸಲಿಲ್ಲ. ಹೊರಡುವಾಗ ಅವರ ಬಾಗಿಲಲ್ಲಿ ನಿಂತು ಕೂಗಿದ್ದು ಮಾತ್ರ ಕೇಳಿಸಿತು: "ನಾ ಹೋಗಿ ಬರ್ತೇನಿ!" ಒಳಗಿನಿಂದ ಚಿಕ್ಕವಳ ದನಿ ಬಂತು: "ನಾನೂ ನಾಳೆ ಬರ್ತೇನಿ ನಿಮ್ಮನಿಗೆ!" ಈ ಸಲ ಅವಳ ಬಾಯಿಗೆ ಯಾರೂ ಕೈ ಅಡ್ಡ ಹಿಡಿಯಲಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ವೈನಿಯ ಚಿಕ್ಕ ಮಗಳು ಬಂದಳು. ನಮ್ಮ ಅಂಗಳದಲ್ಲಿ ಇದ್ದಿಲಿನ ಗೆರೆ ಇನ್ನೂ ಇತ್ತು. ಅತ್ತಿ ಅದನ್ನು ಬೆಳಿಗ್ಗೆ ತೊಳೆದಿರಲಿಲ್ಲ.